ಗುಜರಿ ಬಿಡಿಭಾಗಗಳಿಂದ ಕಟ್ಟಿದ ಕಂಪ್ಯೂಟರಿನಲ್ಲಿ ಧ್ವನಿ ಕೈಕೊಟ್ಟಾಗ

ಅಂಗಡಿಯಿಂದ ತಂದ ಹೊಸ ಕಂಪ್ಯೂಟರಿನಲ್ಲಿ ಧ್ವನಿ ಬಾರದಿದ್ದರೆ ದೋಷ ಹೆಚ್ಚಾಗಿ ಒಂದೇ ಕಡೆ ಇರುತ್ತದೆ. ಗುಜರಿ ಅಂಗಡಿಯ ಮದರ್‌ಬೋರ್ಡು, ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಯೊಬ್ಬ ಬಿಟ್ಟುಹೋದ ಗ್ರಾಫಿಕ್ಸ್ ಕಾರ್ಡು, ನೆಂಟರ ಮನೆಯ ಅಟ್ಟದಿಂದ ಇಳಿಸಿದ ಕ್ಯಾಬಿನೆಟ್ಟು ಇವೆಲ್ಲ ಸೇರಿ ಆದ ಕಂಪ್ಯೂಟರಿನಲ್ಲಿ ಹಾಗಲ್ಲ. ಎರಡು ಮೂರು ದೋಷಗಳು ಒಂದರ ಮೇಲೊಂದು ಕುಳಿತು, ಒಂದನ್ನು ಸರಿಪಡಿಸಿದರೂ ಇನ್ನೊಂದು ಬಾಯಿ ಮುಚ್ಚಿಸಿರುವುದರಿಂದ, ಸರಿಪಡಿಸಿದ್ದು ಸರಿಯಾಗಿದೆಯೆಂಬುದೇ ನಮಗೆ ಗೊತ್ತಾಗುವುದಿಲ್ಲ. ಮಲ್ಪೆಯಲ್ಲಿ ಕಡಲಿನಿಂದ ಕೂಗಳತೆಯ ದೂರದಲ್ಲಿರುವ ನಮ್ಮ ಮನೆಯಲ್ಲಿ ನಾನು ಹೀಗೆ ಕಟ್ಟಿದ ಮೊದಲ ಕಂಪ್ಯೂಟರಿಗೆ ಸತತ ಎರಡು ಸಂಜೆ ಬೇರೆ ಬೇರೆ ಡ್ರೈವರುಗಳನ್ನು (ಯಂತ್ರದ ಭಾಗವನ್ನು ನಡೆಸುವ ತಂತ್ರಾಂಶಗಳನ್ನು) ಹಾಕಿ ತೆಗೆದು ಮಾಡಿದೆ. ಕೊನೆಗೆ ನೋಡಿದರೆ ಡ್ರೈವರಿನಲ್ಲಿ ತಪ್ಪೇ ಇರಲಿಲ್ಲ. ಕ್ಯಾಬಿನೆಟ್ಟಿನ ಮುಂಭಾಗದ ತಂತಿಯನ್ನು ನಾನು ತಪ್ಪು ಪ್ಲಗ್ಗಿನಿಂದ ಜೋಡಿಸಿದ್ದೆ, ಜೊತೆಗೆ ಸ್ಪೀಕರಿನ ಪಿನ್ನಿಗೆ ಕಿಲುಬು ಹಿಡಿದಿತ್ತು. ಕೆಳಗಿನ ಕ್ರಮ ಆ ಎರಡು ಸಂಜೆಗಳ ಫಲ.

ಮೊದಲು ನಂಬಬಹುದಾದ ಎರಡು ವಸ್ತುಗಳು

ಪರೀಕ್ಷೆಗೆ ಕೂರುವ ಮುನ್ನ, ಬೇರೊಂದು ಸಾಧನದಲ್ಲಿ ಕೆಲಸ ಮಾಡುತ್ತಿದೆಯೆಂದು ಖಚಿತವಾಗಿರುವ ಒಂದು ಇಯರ್‌ಫೋನನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸಾಧ್ಯವಾದರೆ ಒಂದು ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡನ್ನೂ ಕೊಂಡುಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುವ ಈ ಹೆಬ್ಬೆರಳು ಗಾತ್ರದ ಸಾಧನಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಡ್ರೈವರ್ ಬೇಡ, ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದನ್ನು ತಾವಾಗಿಯೇ ಗುರುತಿಸುತ್ತವೆ. ಇಯರ್‌ಫೋನನ್ನು ಇದಕ್ಕೆ ಸಿಕ್ಕಿಸಿದಾಗ ಹಾಡು ಕೇಳಿಸಿ, ಹಿಂಬದಿಯ ಹಸಿರು ಜ್ಯಾಕಿಗೆ ಸಿಕ್ಕಿಸಿದಾಗ ಕೇಳಿಸದಿದ್ದರೆ, ಹಾಡು ನುಡಿಸುವ ತಂತ್ರಾಂಶ, ಹಾಡಿನ ಕಡತ, ಇಯರ್‌ಫೋನು ಈ ಮೂರನ್ನೂ ಸಂಶಯದ ಪಟ್ಟಿಯಿಂದ ಒಂದೇ ಏಟಿಗೆ ಹೊಡೆದುಹಾಕಬಹುದು. ಉಳಿಯುವುದು ಮದರ್‌ಬೋರ್ಡಿನ ಆಡಿಯೋ ಭಾಗ ಮತ್ತು ಅದರ ಡ್ರೈವರ್ ಮಾತ್ರ.

ಹಳೆಯ ಸ್ಪೀಕರಿನಿಂದ ಪರೀಕ್ಷೆ ಆರಂಭಿಸಬೇಡಿ. ಅದೂ ಗುಜರಿಯದೇ ಆಗಿದ್ದರೆ ಅದನ್ನು ಬೇರೆಯಾಗಿ ಪರೀಕ್ಷಿಸಿ. ಆಂಪ್ಲಿಫೈಯರಿನ ತಂತಿಯಿಂದ ಸ್ಪೀಕರನ್ನು ಬಿಡಿಸಿ, 1.5 ವೋಲ್ಟಿನ ಪೆನ್‌ಟಾರ್ಚ್ ಸೆಲ್ಲನ್ನು ಅದರ ಎರಡು ತುದಿಗಳಿಗೆ ಕ್ಷಣಮಾತ್ರ ತಾಗಿಸಿದರೆ ‘ಟಕ್’ ಎಂಬ ಸದ್ದಿನೊಂದಿಗೆ ಕೋನು ಅಲುಗಬೇಕು. ಮಲ್ಟಿಮೀಟರಿನಲ್ಲಿ ನೋಡಿದರೆ 8 ಓಮ್ ಎಂದು ಬರೆದಿರುವ ಸ್ಪೀಕರ್ 6ರಿಂದ 7 ಓಮ್, 4 ಓಮಿನದು 3ರಿಂದ 3.5 ಓಮ್ ತೋರಿಸುತ್ತದೆ. ಬರೆದದ್ದಕ್ಕಿಂತ ಕಡಿಮೆ ಬಂದಿತೆಂದು ಗಾಬರಿಯಾಗಬೇಕಿಲ್ಲ. ಏನೂ ತೋರಿಸದಿದ್ದರೆ ಒಳಗಿನ ಸುರುಳಿ ತುಂಡಾಗಿದೆ ಎಂದರ್ಥ. ಆಂಪ್ಲಿಫೈಯರ್ ಇಲ್ಲದ ಬರಿಯ ಸ್ಪೀಕರನ್ನು ಕಂಪ್ಯೂಟರಿನ ಜ್ಯಾಕಿಗೆ ನೇರವಾಗಿ ಜೋಡಿಸಿ ಸದ್ದು ಕಡಿಮೆಯೆಂದು ದೂರುವವರನ್ನೂ ನೋಡಿದ್ದೇನೆ. ಆ ಜ್ಯಾಕು ಅಷ್ಟು ಹೊರೆ ಎಳೆಯಲು ಮಾಡಿದ್ದಲ್ಲ.

ತಂತ್ರಾಂಶವೋ, ಯಂತ್ರಾಂಶವೋ?

ಈ ಪ್ರಶ್ನೆಗೆ ಉತ್ತರ ಸಿಗದೆ ಮುಂದೆ ಹೋಗಬಾರದು. 8 ಜಿಬಿಯ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟಿನಂತಹ ವ್ಯವಸ್ಥೆಯನ್ನು ತುಂಬಿಸಿ, ಹಾರ್ಡ್‌ಡಿಸ್ಕಿನಲ್ಲಿ ಏನನ್ನೂ ಬದಲಿಸದೆ ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡಿ ನೋಡಿ. ಅಲ್ಲಿ ಧ್ವನಿ ಬಂದರೆ ಬೋರ್ಡು ಸರಿಯಿದೆ, ತೊಂದರೆ ವಿಂಡೋಸಿನದು. ಅಲ್ಲಿಯೂ ಬಾರದಿದ್ದರೆ ಆಜ್ಞೆಗಳನ್ನು ಟೈಪು ಮಾಡುವ ಟರ್ಮಿನಲ್ಲಿನಲ್ಲಿ ಧ್ವನಿಯ ಮಟ್ಟ ಹೊಂದಿಸುವ ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ಬೋರ್ಡಿನ ಆಡಿಯೋವನ್ನು ಆಯ್ದುಕೊಳ್ಳಿ. ಯಾವುದಾದರೂ ಕಂಬದ ಬುಡದಲ್ಲಿ ಎರಡು ‘ಎಂ’ ಅಕ್ಷರ ಕಾಣಿಸಿದರೆ ಆ ದಾರಿಯ ಬಾಯಿ ಮುಚ್ಚಿದೆಯೆಂದು ಅರ್ಥ, ‘ಎಂ’ ಕೀಲಿ ಒತ್ತಿದರೆ ತೆರೆದುಕೊಳ್ಳುತ್ತದೆ. ಅಲ್ಲಿಯೇ ಇರುವ ‘ಆಟೋ ಮ್ಯೂಟ್’ ಎಂಬ ಆಯ್ಕೆಯನ್ನೂ ನಿಲ್ಲಿಸಿ ನೋಡುವುದು ಒಳ್ಳೆಯದು. ಮುಂಭಾಗದ ಜ್ಯಾಕಿನಲ್ಲಿ ಹೆಡ್‌ಫೋನ್ ಇದೆಯೆಂದು ಬೋರ್ಡು ತಪ್ಪಾಗಿ ತಿಳಿದುಕೊಂಡರೆ ಹಿಂಬದಿಯ ಸ್ಪೀಕರನ್ನು ಅದು ತಾನಾಗಿಯೇ ಮೌನಗೊಳಿಸುತ್ತದೆ. ಕಿಲುಬು ಹಿಡಿದ ಹಳೆಯ ಜ್ಯಾಕುಗಳಲ್ಲಿ ಇದು ಆಗಾಗ ಆಗುವಂಥದ್ದೇ.

ಎಫ್6 ಒತ್ತಿದಾಗ ಬರುವ ಪಟ್ಟಿಯಲ್ಲಿ ಬೋರ್ಡಿನ ಆಡಿಯೋ ಸಾಧನವೇ ಇಲ್ಲದಿದ್ದರೆ ಬಯೋಸಿಗೆ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗುಗಳ ಪರದೆಗೆ, ಹೋಗಿ. ಕಚೇರಿಗಳಲ್ಲಿ ಬಳಸಿ ಹರಾಜು ಹಾಕಿದ ಕಂಪ್ಯೂಟರುಗಳಲ್ಲಿ ಆನ್‌ಬೋರ್ಡ್ ಆಡಿಯೋವನ್ನು ಬೇಕೆಂದೇ ಬಂದ್ ಮಾಡಿರುವುದುಂಟು. ಅದನ್ನು ಚಾಲೂ ಮಾಡಿ ಉಳಿಸಿದ ಮೇಲೂ ಮರುದಿನ ಮತ್ತೆ ಹಳೆಯ ಸ್ಥಿತಿಗೆ ಮರಳಿದ್ದರೆ, ಗಡಿಯಾರವೂ ತಪ್ಪು ತೋರಿಸುತ್ತಿದ್ದರೆ, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿದೆ. ಅದು 3 ವೋಲ್ಟಿನದು. ಹಳೆಯ ಬೋರ್ಡು ಕೈಗೆ ಬಂದ ದಿನವೇ ಅಳೆದು ನೋಡದೆ ಹೊಸದನ್ನೇ ಹಾಕಿಬಿಡುವುದು ನನ್ನ ರೂಢಿ.

ವಿಂಡೋಸಿನಲ್ಲಿ ಮಾತ್ರ ತೊಂದರೆಯಿದ್ದರೆ ಮೊದಲು ನೋಡಬೇಕಾದದ್ದು ಡ್ರೈವರನ್ನಲ್ಲ, ಧ್ವನಿ ಯಾವ ಸಾಧನಕ್ಕೆ ಹೋಗುತ್ತಿದೆ ಎಂಬುದನ್ನು. ಗ್ರಾಫಿಕ್ಸ್ ಕಾರ್ಡಿನಲ್ಲಿ ಎಚ್‌ಡಿಎಂಐ ಇದ್ದರೆ ಅದಕ್ಕೂ ತನ್ನದೇ ಆದ ಆಡಿಯೋ ಸಾಧನ ಇರುತ್ತದೆ. ಮಾನಿಟರಿನಲ್ಲಿ ಸ್ಪೀಕರೇ ಇಲ್ಲದಿದ್ದರೂ ವಿಂಡೋಸು ಹಾಡನ್ನು ಅಲ್ಲಿಗೇ ಕಳುಹಿಸುತ್ತಿರಬಹುದು. ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಇದೆ: ಜಿಫೋರ್ಸ್ 8 ಮತ್ತು 9ರ ಸರಣಿಯ ಕೆಲವು ಹಳೆಯ ಕಾರ್ಡುಗಳಲ್ಲಿ ಎಚ್‌ಡಿಎಂಐ ಮೂಲಕ ಧ್ವನಿ ಬೇಕಾದರೆ ಮದರ್‌ಬೋರ್ಡಿನ ಎಸ್‌ಪಿಡಿಐಎಫ್ (ಡಿಜಿಟಲ್ ಆಡಿಯೋ) ಪಿನ್ನುಗಳಿಂದ ಕಾರ್ಡಿಗೆ ಎರಡೆಳೆಯ ಪುಟ್ಟ ತಂತಿಯೊಂದನ್ನು ಜೋಡಿಸಲೇಬೇಕು, ಮತ್ತು ಗುಜರಿಯಲ್ಲಿ ಕಾರ್ಡು ಸಿಕ್ಕಿದರೂ ಆ ತಂತಿ ಸಿಗುವುದು ಅಪರೂಪ.

ಡ್ರೈವರ್ ಹಾಕುವ ಪ್ರಸಂಗ ಬಂದರೆ ‘ಎಲ್ಲ ಡ್ರೈವರುಗಳನ್ನೂ ಹುಡುಕಿಕೊಡುವ’ ತಂತ್ರಾಂಶಗಳ ಸಹವಾಸ ಬೇಡ. ಬೋರ್ಡಿನ ಮೇಲೆ ಸ್ಲಾಟುಗಳ ನಡುವೆ ಅಚ್ಚಾಗಿರುವ ಮಾದರಿ ಸಂಖ್ಯೆಯನ್ನು ಟಾರ್ಚ್ ಹಿಡಿದು ಓದಿ, ತಯಾರಕರ ತಾಣದಿಂದಲೇ ಡ್ರೈವರನ್ನು ಇಳಿಸಿಕೊಳ್ಳಿ. ಅದು ಸಿಗದಿದ್ದರೆ ಮೈಕ್ರೋಸಾಫ್ಟಿನ ಸಾಮಾನ್ಯ ಹೈ ಡೆಫಿನಿಷನ್ ಆಡಿಯೋ ಡ್ರೈವರ್ ಸಾಕು. ಬೋರ್ಡಿನ ಆಡಿಯೋ ನಡೆಸುವ ಹೆಚ್ಚಿನ ರಿಯಲ್‌ಟೆಕ್ ಚಿಪ್ಪುಗಳು ಅದರಲ್ಲಿಯೇ ಹಾಡುತ್ತವೆ.

ಕ್ಯಾಬಿನೆಟ್ಟಿನ ಮುಂಭಾಗದ ತಂತಿ

ಬೇರೆ ಬೇರೆ ಕಾಲದ ಭಾಗಗಳನ್ನು ಕೂಡಿಸುವವರು ಅತಿ ಹೆಚ್ಚು ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಮುಂಭಾಗದ ಜ್ಯಾಕುಗಳಿಂದ ಬರುವ ತಂತಿಯ ತುದಿಯಲ್ಲಿ ಕೆಲವು ಕ್ಯಾಬಿನೆಟ್ಟುಗಳಲ್ಲಿ ಎರಡು ಪ್ಲಗ್ಗುಗಳಿರುತ್ತವೆ: ಒಂದರ ಮೇಲೆ ‘ಎಸಿ97’, ಇನ್ನೊಂದರ ಮೇಲೆ ‘ಎಚ್‌ಡಿ ಆಡಿಯೋ’ ಎಂದು ಬರೆದಿರುತ್ತದೆ. ಮೊದಲನೆಯದು 1997ರ ಮಾನದಂಡ, ಎರಡನೆಯದು ಇಂಟೆಲ್ 2004ರಲ್ಲಿ ತಂದದ್ದು. ಎರಡೂ ಒಂದೇ ಆಕಾರದಲ್ಲಿದ್ದು, ಬೋರ್ಡಿನ ಒಂದೇ ಜಾಗದಲ್ಲಿ ಸಲೀಸಾಗಿ ಕೂರುತ್ತವೆ. ಆದರೆ ಪಿನ್ನುಗಳ ಕೆಲಸ ಬೇರೆ. ಹೊಸ ಮಾನದಂಡದಲ್ಲಿ ಜ್ಯಾಕಿಗೆ ಏನಾದರೂ ಸಿಕ್ಕಿಸಲಾಗಿದೆಯೇ ಎಂದು ತಿಳಿಯಲು ಪ್ರತ್ಯೇಕ ಎಳೆಗಳಿವೆ, ಹಳೆಯದರಲ್ಲಿ ಅವು ಇಲ್ಲ. ಆದ್ದರಿಂದ ಹೊಸ ಬೋರ್ಡಿಗೆ ಹಳೆಯ ಪ್ಲಗ್ಗನ್ನು ಹಾಕಿದರೆ ಮುಂಭಾಗದ ಜ್ಯಾಕು ಸತ್ತಂತಿರುತ್ತದೆ, ಇಲ್ಲವೇ ಸದಾ ಹೆಡ್‌ಫೋನ್ ಇದೆಯೆಂಬ ಭ್ರಮೆಯಲ್ಲಿ ಹಿಂಬದಿಯದನ್ನು ಸುಮ್ಮನಾಗಿಸುತ್ತದೆ. ಕ್ಯಾಬಿನೆಟ್ಟಿನಲ್ಲಿ ಹಳೆಯ ಪ್ಲಗ್ಗು ಮಾತ್ರ ಇದ್ದರೆ ಬಯೋಸಿನಲ್ಲಿ ‘ಫ್ರಂಟ್ ಪ್ಯಾನೆಲ್ ಟೈಪ್’ ಎಂಬ ಆಯ್ಕೆಯನ್ನು ಎಸಿ97 ಎಂದು ಬದಲಿಸಿ, ಇಲ್ಲವಾದರೆ ರಿಯಲ್‌ಟೆಕ್ ನಿಯಂತ್ರಣ ಫಲಕದಲ್ಲಿ ಮುಂಭಾಗದ ಜ್ಯಾಕಿನ ಪತ್ತೆಯನ್ನು ನಿಲ್ಲಿಸಿ.

ಇದಕ್ಕಿಂತಲೂ ಹಳೆಯ, ಅಂದರೆ ಎಸಿ97 ಕಾಲದ ಬೋರ್ಡು ನಿಮ್ಮ ಕೈಗೆ ಬಂದಿದ್ದರೆ ಒಂದು ವಿಚಿತ್ರ ತೊಡಕು ಕಾದಿರುತ್ತದೆ. ಅಂಥ ಅನೇಕ ಬೋರ್ಡುಗಳಲ್ಲಿ ಹಿಂಬದಿಗೆ ಹೋಗುವ ಧ್ವನಿಯು ಮುಂಭಾಗದ ಜ್ಯಾಕಿಗೆ ಹೋಗಿ, ಅಲ್ಲಿಂದ ಸುತ್ತಿ ಮರಳಿ ಬರುತ್ತದೆ. ಮುಂಭಾಗದ ತಂತಿಯನ್ನು ಜೋಡಿಸದಿದ್ದಾಗ ಈ ದಾರಿ ಕಡಿಯದಿರಲೆಂದು 5 ಮತ್ತು 6ನೆಯ ಪಿನ್ನುಗಳ ನಡುವೆ ಒಂದು, 9 ಮತ್ತು 10ನೆಯ ಪಿನ್ನುಗಳ ನಡುವೆ ಇನ್ನೊಂದು ಜಂಪರ್ (ಎರಡು ಪಿನ್ನುಗಳನ್ನು ಕೂಡಿಸುವ ಪುಟ್ಟ ಟೋಪಿ) ಇಟ್ಟಿರುತ್ತಾರೆ. ಬೋರ್ಡನ್ನು ಬಿಚ್ಚಿದವರು ಆ ಎರಡು ಕಡ್ಲೆಕಾಳಿನಷ್ಟು ಗಾತ್ರದ ಜಂಪರುಗಳನ್ನು ಕಳೆದಿದ್ದರೆ ಹಿಂಬದಿಯ ಹಸಿರು ಜ್ಯಾಕಿನಲ್ಲಿ ಏನು ಮಾಡಿದರೂ ಸದ್ದು ಬಾರದು. ಒಂದನ್ನು ಮಾತ್ರ ಕಳೆದಿದ್ದರೆ ಒಂದು ಕಿವಿಗೆ ಮಾತ್ರ ಕೇಳಿಸುತ್ತದೆ.

ಪ್ಲಗ್ಗು ಒತ್ತುವ ಮುನ್ನ ಇಲ್ಲದ ಪಿನ್ನು ಎಲ್ಲಿದೆ ಎಂದು ನೋಡಿ. ಆಡಿಯೋ ಜಾಗದಲ್ಲಿ 8ನೆಯ ಪಿನ್ನು, ಅಂದರೆ ತುದಿಯಿಂದ ಎರಡನೆಯ ಸಾಲಿನದು, ಇರುವುದಿಲ್ಲ, ಯುಎಸ್‌ಬಿ 2.0 ಜಾಗದಲ್ಲಿ ಇಲ್ಲದಿರುವುದು ಮೂಲೆಯ 9ನೆಯದು. ಎರಡೂ ಅಕ್ಕಪಕ್ಕದಲ್ಲಿಯೇ ಇರುತ್ತವೆ. ಯುಎಸ್‌ಬಿಯ ಪಿನ್ನುಗಳಲ್ಲಿ 5 ವೋಲ್ಟ್ ಹರಿಯುವುದರಿಂದ ಇಲ್ಲಿ ಬಲಪ್ರಯೋಗ ಕೂಡದು.

ಉಪ್ಪುಗಾಳಿ, ಕಿಲುಬು, ಇರುವೆ

ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ, ಮಳೆಗಾಲದ ಆಟಿ ತಿಂಗಳಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಮನೆಗಳಲ್ಲಿ, ಅಟ್ಟದಲ್ಲಿದ್ದ ಬೋರ್ಡಿನ ಲೋಹದ ಭಾಗಗಳು ಹೊಳೆಯುತ್ತಿರುತ್ತವೆಂದು ನಿರೀಕ್ಷಿಸಲಾಗದು. ಆಡಿಯೋ ಜ್ಯಾಕಿನ ಒಳಗಿನ ಎಲೆಯಂಥ ಸ್ಪ್ರಿಂಗುಗಳ ಮೇಲೆ ಹಸಿರು ಅಥವಾ ಕಪ್ಪು ಪದರ ಕಟ್ಟುತ್ತದೆ. ಪ್ಲಗ್ಗನ್ನು ತಿರುಗಿಸಿದಾಗ ಸದ್ದು ಬಂದುಹೋಗುತ್ತಿದ್ದರೆ, ಒಂದು ಬದಿ ಮಾತ್ರ ಕೇಳಿಸುತ್ತಿದ್ದರೆ, ಮೊದಲು ಸಂಶಯಿಸಬೇಕಾದದ್ದು ಇದನ್ನೇ.

ಇನ್ನೊಂದು ಲಕ್ಷಣ ಗಮನಾರ್ಹವಾದುದು. ಯಕ್ಷಗಾನದ ಸ್ಟೀರಿಯೋ ಧ್ವನಿಮುದ್ರಣವೊಂದನ್ನು ಹಾಕಿದಾಗ ಭಾಗವತರ ಪದ ಎಲ್ಲೋ ಬಾವಿಯೊಳಗಿಂದ ಬಂದಂತೆ ಕ್ಷೀಣವಾಗಿ, ಬದಿಗಳಲ್ಲಿರುವ ಚೆಂಡೆ ಮತ್ತು ಜಾಗಟೆ ಮಾತ್ರ ಮುಂದೆ ಬಂದರೆ, ಜ್ಯಾಕಿನ ಗ್ರೌಂಡ್ ಸಂಪರ್ಕ ತಪ್ಪಿದೆಯೆಂದು ತಿಳಿಯಬೇಕು. ಗ್ರೌಂಡ್ ಇಲ್ಲದಾಗ ಎಡ ಮತ್ತು ಬಲದ ವ್ಯತ್ಯಾಸ ಮಾತ್ರ ಕಿವಿಗೆ ತಲಪುತ್ತದೆ. ಎರಡೂ ಬದಿಯಲ್ಲಿ ಸಮನಾಗಿರುವ ಹಾಡುಗಾರರ ಧ್ವನಿ ಕಳೆದುಹೋಗುತ್ತದೆ. ಹಳೆಯ ಮೋನೋ ಮುದ್ರಣವಾದರಂತೂ ಹೆಚ್ಚುಕಡಿಮೆ ನಿಶ್ಶಬ್ದ. ಮೊಬೈಲಿನ ನಾಲ್ಕು ಪಟ್ಟಿಯ ಹೆಡ್‌ಸೆಟ್ಟನ್ನು ಸಡಿಲವಾದ ಜ್ಯಾಕಿಗೆ ಸಿಕ್ಕಿಸಿದಾಗಲೂ ಹೀಗಾಗುವುದುಂಟು, ಆದ್ದರಿಂದ ಮೂರು ಪಟ್ಟಿಯ ಇಯರ್‌ಫೋನಿನಲ್ಲಿ ಮತ್ತೊಮ್ಮೆ ಕೇಳಿ ನಿರ್ಧರಿಸಿ.

ಶುಚಿಗೊಳಿಸಲು ವಿದ್ಯುತ್ತನ್ನು ಪೂರ್ಣವಾಗಿ ಕಡಿದು, ಗೋಡೆಯ ಪ್ಲಗ್ಗನ್ನು ತೆಗೆದು, ಪವರ್ ಬಟನನ್ನು ಒಮ್ಮೆ ಒತ್ತಿ ಉಳಿದ ಚಾರ್ಜನ್ನು ಇಳಿಸಿ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಅಥವಾ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನು ಹಳೆಯ ಪ್ಲಗ್ಗೊಂದಕ್ಕೆ ಸವರಿ, ಅದನ್ನು ಜ್ಯಾಕಿನೊಳಗೆ ಇಪ್ಪತ್ತು ಮೂವತ್ತು ಸಲ ಹಾಕಿ ತೆಗೆದು, ನಡುನಡುವೆ ಒರೆಸಿಕೊಂಡರೆ ಪ್ಲಗ್ಗಿನ ಮೇಲೆ ಕಪ್ಪು ಕೊಳೆ ಕಾಣುತ್ತದೆ. ಕೊಳೆ ನಿಲ್ಲುವವರೆಗೆ ಮುಂದುವರಿಸಿ, ಫ್ಯಾನಿನಡಿಯಲ್ಲಿ ಒಣಗಲು ಬಿಡಿ. ತೆಂಗಿನೆಣ್ಣೆ ಹಚ್ಚಿದರೆ ಸಡಿಲವಾಗುತ್ತದೆಂಬ ಸಲಹೆ ಕೊಡುವವರು ನಮ್ಮಲ್ಲಿ ಇದ್ದಾರೆ. ಅದು ಧೂಳನ್ನು ಅಂಟಿಸಿಕೊಂಡು ಇರುವೆಗಳನ್ನು ಕರೆಯುತ್ತದೆ, ಅಷ್ಟೇ. ಇರುವೆ ಎಂದಾಗ ನೆನಪಾಯಿತು: ಬಹುಕಾಲ ಬಳಸದ ಜ್ಯಾಕಿನೊಳಗೆ ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಪ್ಲಗ್ಗು ತೂರಿಸಿ. ಸ್ಪೀಕರಿನ ವಾಲ್ಯೂಮ್ ಗುಬ್ಬಿ ತಿರುಗಿಸುವಾಗ ಕರಕರ ಎನ್ನುತ್ತಿದ್ದರೆ ಅದಕ್ಕೂ ಇದೇ ಕ್ಲೀನರ್ ಮದ್ದು.

ಗುಂಯ್‌ಗುಟ್ಟುವ ಸದ್ದು

ಹಾಡು ಬಂದರೂ ಹಿನ್ನೆಲೆಯಲ್ಲಿ ತಂಬೂರಿಯಂತೆ ಒಂದೇ ಶ್ರುತಿಯ ಗುಂಯ್‌ಕಾರ ಕೇಳಿಸುತ್ತಿದ್ದರೆ ಅದು ನಮ್ಮ 230 ವೋಲ್ಟ್, 50 ಹರ್ಟ್ಸ್ ಮನೆ ವಿದ್ಯುತ್ತಿನ ಕೊಡುಗೆ. ಕಂಪ್ಯೂಟರ್ ಒಂದು ಪ್ಲಗ್ ಪಾಯಿಂಟಿನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಕೋಣೆಯ ಪಾಯಿಂಟಿನಲ್ಲಿ ಇದ್ದು, ಎರಡರ ಅರ್ಥಿಂಗ್ ನಡುವೆ ಸ್ವಲ್ಪ ವೋಲ್ಟೇಜಿನ ಅಂತರವಿದ್ದರೆ ಆಡಿಯೋ ತಂತಿಯ ಗ್ರೌಂಡಿನಲ್ಲಿಯೇ ವಿದ್ಯುತ್ತು ಹರಿಯತೊಡಗುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಅರ್ಧಕ್ಕರ್ಧ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ ಎಂಬುದು ನನ್ನ ಅನುಭವ. ಆಂಪ್ಲಿಫೈಯರಿಗೆ ಕೇಬಲ್ ಟಿವಿಯ ಅಥವಾ ಡಿಶ್ಶಿನ ತಂತಿಯೂ ತಾಗಿದ್ದರೆ ಅದನ್ನು ಬಿಡಿಸಿ ಇನ್ನೊಮ್ಮೆ ಕೇಳಿ. ಹಾಗೂ ಹೋಗದಿದ್ದರೆ ಆಡಿಯೋ ತಂತಿಯ ನಡುವೆ ಹಾಕುವ ಪುಟ್ಟ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ.

ಅರ್ಥಿಂಗೇ ಇಲ್ಲದ ಮನೆಯ ಕಥೆ ಬೇರೆ. ಎಸ್‌ಎಂಪಿಎಸ್ಸಿನ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯ) ಒಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕ್ಯಾಬಿನೆಟ್ಟಿಗೆ ಜೋಡಿಸುತ್ತವೆ. ಅರ್ಥ್ ಸಂಪರ್ಕ ತಪ್ಪಿದ್ದರೆ ಕ್ಯಾಬಿನೆಟ್ಟು ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಹರಿಯುವ ವಿದ್ಯುತ್ತು ತೀರ ಅಲ್ಪವಾದರೂ, ಮಳೆಗಾಲದಲ್ಲಿ ಒದ್ದೆ ಕಾಲಿನಲ್ಲಿ ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವುದು ಇದರಿಂದಲೇ. ಅರ್ಥ್ ಗುಂಡಿಯ ಸುತ್ತಲಿನ ನೆಲ ಒಣಗಿದರೆ, ಅದರಲ್ಲೂ ಮುರಕಲ್ಲಿನ ನೆಲದಲ್ಲಿ, ಬೇಸಿಗೆಯಲ್ಲಿ ಅರ್ಥಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ನೀರು ಹಾಕುವ ಹಳಬರ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಎಲೆಕ್ಟ್ರಿಷಿಯನ್ನರಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಅಳೆಸಿ. ಒಂದೆರಡು ವೋಲ್ಟಿಗಿಂತ ಬಹಳ ಹೆಚ್ಚು ಬಂದರೆ ದೋಷ ಕಂಪ್ಯೂಟರಿನದಲ್ಲ, ಮನೆಯ ವಯರಿಂಗಿನದು. ಗುಂಯ್‌ಕಾರ ನಿಲ್ಲುತ್ತದೆಂದು ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು ಮುರಿಯುವವರಿದ್ದಾರೆ. ಸದ್ದು ನಿಲ್ಲುವುದು ನಿಜ. ಆದರೆ ಎಸ್‌ಎಂಪಿಎಸ್ಸಿನಲ್ಲಿ ದೋಷ ಕಾಣಿಸಿದ ದಿನ ಕ್ಯಾಬಿನೆಟ್ಟು ಮುಟ್ಟಿದವರನ್ನು ಉಳಿಸಲು ಇರುವ ಮುಖ್ಯ ದಾರಿಯನ್ನು ಅವರು ತಮ್ಮ ಕೈಯಾರೆ ಮುಚ್ಚಿರುತ್ತಾರೆ.

ಮೌಸ್ ಅಲುಗಿಸಿದಾಗ ಅಥವಾ ಪುಟ ಸರಿಸಿದಾಗ ಮಾತ್ರ ಕೀಚಲು ಸದ್ದು ಬಂದರೆ ಅದಕ್ಕೆ ಅರ್ಥಿಂಗೇ ಕಾರಣವಾಗಿರಬೇಕೆಂದಿಲ್ಲ. ಮುಂಭಾಗದ ಆಡಿಯೋ ತಂತಿ ಗ್ರಾಫಿಕ್ಸ್ ಕಾರ್ಡಿನ ಅಥವಾ ಎಸ್‌ಎಂಪಿಎಸ್ಸಿನ ಪಕ್ಕದಲ್ಲಿ ಹಾದುಹೋಗುತ್ತಿದ್ದರೆ ಅದನ್ನು ಕ್ಯಾಬಿನೆಟ್ಟಿನ ತಳಭಾಗದಲ್ಲಿ ದೂರವಾಗಿ ಎಳೆಯಿರಿ. ಹಿಂಬದಿಯ ಜ್ಯಾಕಿನಲ್ಲಿಯೂ ಅದೇ ಸದ್ದು ಬಂದರೆ ಎಸ್‌ಎಂಪಿಎಸ್ ಬದಲಿಸಿ ನೋಡಬೇಕಾಗುತ್ತದೆ. ಮಲ್ಟಿಮೀಟರಿನಲ್ಲಿ 12 ವೋಲ್ಟಿನ ಎಳೆ 11.4ರಿಂದ 12.6ರೊಳಗೆ, 5 ವೋಲ್ಟಿನದು 4.75ರಿಂದ 5.25ರೊಳಗೆ ಇರಬೇಕು, ಅಷ್ಟಿದ್ದರೂ ಒಳಗಿನ ಕೆಪಾಸಿಟರುಗಳು ಒಣಗಿ ಅಲೆಗಳು ಹೊರಬರುತ್ತಿರಬಹುದು, ಅದು ಸಾಮಾನ್ಯ ಮೀಟರಿನಲ್ಲಿ ಕಾಣದು. ಎಸ್‌ಎಂಪಿಎಸ್ಸನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ಗು ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಒಣಗಿದ ಕೆಪಾಸಿಟರ್

ಹಿಂಬದಿಯ ಜ್ಯಾಕುಗಳ ಹತ್ತಿರ ಸಾಲಾಗಿ ನಿಂತಿರುವ ಪುಟ್ಟ ಸಿಲಿಂಡರುಗಳು ಧ್ವನಿಯನ್ನು ಹೊರಗೆ ಸಾಗಿಸುವ ಕೆಪಾಸಿಟರುಗಳು. ತಲೆ ಉಬ್ಬಿದ್ದರೆ, ಬುಡದಲ್ಲಿ ಕಂದು ಕಲೆಯಿದ್ದರೆ ಅವು ಕೆಟ್ಟಿವೆ. ಆದರೆ ಒಣಗಿದವು ನೋಟಕ್ಕೆ ಚೆನ್ನಾಗಿಯೇ ಇರುತ್ತವೆ. ಅವನ್ನು ಕಿವಿಯಿಂದ ಹಿಡಿಯಬೇಕು: ಒಂದು ಬದಿಯಲ್ಲಿ ಹಾಡು ತೆಳ್ಳಗಾಗಿ, ಮದ್ದಳೆಯ ತಗ್ಗಿನ ‘ಗುಂಪು’ ನಾದ ಹೋಗಿ ಬರಿಯ ‘ಚಾಪು’ ಹೊಡೆತ ಉಳಿದಿರುತ್ತದೆ. 100 ಮೈಕ್ರೋಫ್ಯಾರಡಿನ ಕೆಪಾಸಿಟರ್ 32 ಓಮಿನ ಹೆಡ್‌ಫೋನಿಗೆ ಸುಮಾರು 50 ಹರ್ಟ್ಸಿನವರೆಗಿನ ತಗ್ಗು ಸ್ವರವನ್ನು ಬಿಡುತ್ತದೆ. ಅದೇ ಒಣಗಿ 20 ಮೈಕ್ರೋಫ್ಯಾರಡಿಗೆ ಇಳಿದರೆ ಸುಮಾರು 250 ಹರ್ಟ್ಸಿಗಿಂತ ಕೆಳಗಿನದೆಲ್ಲ ಕುಗ್ಗುತ್ತಾ ಹೋಗುತ್ತದೆ. ಬೆಸುಗೆ ಹಾಕಲು ಬಲ್ಲವರು ಅಷ್ಟೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನ ಹೊಸದನ್ನು, ಧನ ಋಣ ನೋಡಿಕೊಂಡು ಹಾಕಬಹುದು. ಹಲವು ಪದರಗಳ ಬೋರ್ಡಿನಲ್ಲಿ ಗ್ರೌಂಡ್ ಕಾಲಿನ ಬೆಸುಗೆ ಕರಗಿಸುವುದು ಸುಲಭವಲ್ಲ. ಮೊದಲ ಸಲದವರು ಬಳಕೆಗೆ ಬಾರದ ಬೋರ್ಡಿನ ಮೇಲೆ ಕೈ ಪಳಗಿಸಿಕೊಳ್ಳಲಿ.

ತುಂಡು ತುಂಡಾಗಿ ಬರುವ ಧ್ವನಿ

ಹಾಡಿನ ನಡುವೆ ಚಟಪಟ ಸದ್ದು, ತೊದಲು ಇದ್ದರೆ ಅದು ಹೆಚ್ಚಾಗಿ ಡ್ರೈವರುಗಳ ಜಗಳ. ವಿಂಡೋಸಿನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾವ ಡ್ರೈವರ್ ಪ್ರೊಸೆಸರನ್ನು ಬಹಳ ಹೊತ್ತು ಹಿಡಿದಿಡುತ್ತಿದೆ ಎಂದು ತೋರಿಸುತ್ತದೆ. ಹಳೆಯ ವೈಫೈ ಕಾರ್ಡನ್ನು ತೆಗೆದು ಕೇಳಿ ನೋಡುವುದು ಅದಕ್ಕಿಂತ ಬೇಗ. ಧ್ವನಿಯ ‘ಎನ್‌ಹಾನ್ಸ್‌ಮೆಂಟ್’ಗಳನ್ನೆಲ್ಲ ಬಂದ್ ಮಾಡಿ. ಪ್ರತಿ ಹಾಡಿನ ಆರಂಭದಲ್ಲಿ ಮಾತ್ರ ‘ಟಪ್’ ಎಂದರೆ ಅದು ವಿದ್ಯುತ್ ಉಳಿಸಲು ಆಡಿಯೋ ಚಿಪ್ಪು ನಿದ್ದೆಹೋಗಿ ಏಳುವ ಸದ್ದು, ಅಪಾಯವಿಲ್ಲ.

ಮೈಕಿನ ವಿಷಯ ಚಿಕ್ಕದು. ಗುಲಾಬಿ ಜ್ಯಾಕಿಗೆ ಸಿಕ್ಕಿಸಿದ್ದೀರಾ, ವಿಂಡೋಸಿನ ಖಾಸಗಿತನದ ಆಯ್ಕೆಯಲ್ಲಿ ಮೈಕಿಗೆ ಅನುಮತಿ ಇದೆಯೇ, ಮೊಬೈಲ್ ಹೆಡ್‌ಸೆಟ್ಟಾದರೆ ನಾಲ್ಕು ಪಟ್ಟಿಯನ್ನು ಎರಡು ಪ್ಲಗ್ಗಾಗಿ ಸೀಳುವ ತಂತಿ ಇದೆಯೇ ಎಂಬ ಮೂರನ್ನು ನೋಡಿದರೆ ಸಾಕು.

ಬೋರ್ಡನ್ನು ಬಿಟ್ಟುಕೊಡುವ ಹೊತ್ತು

ಲಿನಕ್ಸಿನಲ್ಲೂ ವಿಂಡೋಸಿನಲ್ಲೂ ಧ್ವನಿಯಿಲ್ಲ, ಬಯೋಸಿನಲ್ಲಿ ಆಡಿಯೋ ಚಾಲೂ ಇದೆ, ಮುಂಭಾಗದ ತಂತಿಯನ್ನು ಬಿಡಿಸಿಯೂ ನೋಡಿದ್ದಾಗಿದೆ, ಜ್ಯಾಕು ಶುಚಿಯಾಗಿದೆ ಎಂದಾದರೆ ಆಡಿಯೋ ಚಿಪ್ಪೇ ಹೋಗಿದೆ ಎಂದು ಒಪ್ಪಿಕೊಳ್ಳಿ. ಚಿಪ್ಪು ಬದಲಿಸುವ ಶ್ರಮಕ್ಕೆ ಹಳೆಯ ಬೋರ್ಡು ಯೋಗ್ಯವಲ್ಲ. ಪೆಟ್ಟಿಗೆಯಲ್ಲಿ ಹಳೆಯ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡು ಬಿದ್ದಿದ್ದು, ಬೋರ್ಡಿನಲ್ಲಿ ಪಿಸಿಐ ಸ್ಲಾಟ್ ಉಳಿದಿದ್ದರೆ ಲಿನಕ್ಸಿನಲ್ಲಿ ಅದು ಇಂದಿಗೂ ಹಾಡುತ್ತದೆ. ಇಲ್ಲದಿದ್ದರೆ ಮೊದಲ ಹೆಜ್ಜೆಯಲ್ಲಿ ಪರೀಕ್ಷೆಗೆಂದು ಕೊಂಡ ಯುಎಸ್‌ಬಿ ಸೌಂಡ್ ಕಾರ್ಡನ್ನೇ ಕಾಯಂ ಮಾಡಿ, ಬಯೋಸಿನಲ್ಲಿ ಬೋರ್ಡಿನ ಆಡಿಯೋವನ್ನು ಬಂದ್ ಮಾಡಿಬಿಡಿ. ಕಾರ್ಡನ್ನು ಹಿಂಬದಿಯ ಯುಎಸ್‌ಬಿಗೆ ಸಿಕ್ಕಿಸಿ. ಮುಂಭಾಗದ್ದು ಮೊಣಕೈ ತಾಗಿ ಬಹಳ ಬೇಗ ಸಡಿಲವಾಗುತ್ತದೆ.